ಅಪ್‌ಡೇಟ್: ಸಲಹಾ ಸಮಿತಿಗೆ ಸ್ವತಂತ್ರ ತಜ್ಞರು ಸಿಕ್ಕರು

ಕೊಪ್ಪಳದ ನಮ್ಮ ಕುರಿ ಸಾಕಣೆದಾರರ ಸಂಘದ ಪ್ರಾಣಿ ಕಲ್ಯಾಣ ಸಲಹಾ ಸಮಿತಿಗೆ ಸ್ವತಂತ್ರ ತಜ್ಞರನ್ನು ಆರಿಸುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಪತ್ರಿಕಾ ಪ್ರಕಟಣೆ ಕೊಡಿ ಎಂಬ ಸಲಹೆ ಫಲಿಸಲಿಲ್ಲ. ಬಂದ ಮೂರು ಅರ್ಜಿಗಳೂ ಔಷಧಿ ಮಾರಾಟಗಾರರವೇ ಆಗಿದ್ದವು. ಮೊದಲು ಹಿತಾಸಕ್ತಿಯ ಲಿಖಿತ ಘೋಷಣೆ (ಸಮಿತಿಯ ಸಲಹೆಯಿಂದ ತಮಗೋ ಮನೆಯವರಿಗೋ ಲಾಭವಿದೆಯೇ ಎಂಬ ಹೇಳಿಕೆ) ಪಡೆಯಿರಿ, ಬಳಿಕ ಕುರಿದೊಡ್ಡಿಯಲ್ಲೇ ಮಾತನಾಡಿಸಿ ಎಂದವರಿಗೆ ನಾನು ಋಣಿ. ನಾವು ಬಹಳ ನೆಚ್ಚಿಕೊಂಡಿದ್ದ ಹಿರಿಯರೊಬ್ಬರು, ಮಗನಿಗೆ ಪಶು ಆಹಾರದ ಅಂಗಡಿಯಿದೆ ಎಂದು ತಾವೇ ಬರೆದುಕೊಟ್ಟು ಹಿಂದೆ ಸರಿದರು. ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಆಯ್ಕೆಯಾದ ನಿವೃತ್ತ ಪಶುವೈದ್ಯೆ, ಕುರಿಯ ಸೊಂಟದ ಬಳಿಯ ಬೆನ್ನೆಲುಬನ್ನು ಬೆರಳಿನಿಂದ ಒತ್ತಿ, ಮೈಕಟ್ಟಿನ 1ರಿಂದ (ತೀರಾ ಬಡಕಲು) 5ರವರೆಗಿನ (ಅತಿ ಕೊಬ್ಬು) ಅಳತೆಯಲ್ಲಿ ಇದು 2 ಎಂದು ಹೇಳಿ, ದಟ್ಟ ಉಣ್ಣೆಯೊಳಗೆ ನಮ್ಮ ಕಣ್ಣಿಗೆ ಬೀಳದಿದ್ದ ಸೊರಗನ್ನು ತೋರಿಸಿಕೊಟ್ಟರು. ಇನ್ನೊಂದು ಸ್ಥಾನಕ್ಕಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದೇವೆ.