ಜನವರಿ 26ರ ದಿನವಿಶೇಷದಲ್ಲಿ ರಾಯಣ್ಣನ ಹೆಸರನ್ನು ಹೇಗೆ ಬರೆಯಬೇಕು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ನಮ್ಮ ಶಾಲೆಯ ಪ್ರಾರ್ಥನಾ ಅಂಗಳದ ಪಕ್ಕದಲ್ಲಿ ಒಂದು ಕಪ್ಪುಹಲಗೆಯಿದ್ದು, ಅದರ ಮೇಲೆ ಮಕ್ಕಳು ಸರದಿಯಂತೆ ಪ್ರತಿದಿನ ಬೆಳಿಗ್ಗೆ ದಿನವಿಶೇಷ ಬರೆಯುತ್ತಾರೆ. ಜನವರಿ 26ಕ್ಕೆಂದು ಒಂಬತ್ತನೆಯ ತರಗತಿಯ ಹುಡುಗಿ ಸಿದ್ಧಪಡಿಸಿರುವ ಬರಹದಲ್ಲಿ, ‘ಸಂಗೊಳ್ಳಿ ರಾಯಣ್ಣ ಹುತಾತ್ಮನಾದ ದಿನವಾದ್ದರಿಂದ ಇದನ್ನೇ ಗಣರಾಜ್ಯೋತ್ಸವಕ್ಕೆ ಆರಿಸಲಾಯಿತು’ ಎಂಬ ವಾಕ್ಯವಿದೆ. ಆಕೆಯ ಅಭಿಮಾನಕ್ಕೆ ನೋವಾಗದಂತೆ ಇದನ್ನು ಹೇಗೆ ತಿದ್ದಲಿ? ಆ ದಿನವನ್ನು ಆರಿಸಿದ್ದಕ್ಕೆ ನಿಜವಾದ ಕಾರಣವೇನು?

ಉತ್ತರ (ನಿವೃತ್ತ ಇತಿಹಾಸ ಉಪನ್ಯಾಸಕ):
ದಿನಾಂಕದ ಮೂಲವಿರುವುದು ಲಾಹೋರಿನಲ್ಲಿ. 1929ರ ಡಿಸೆಂಬರ್ ಕೊನೆಯಲ್ಲಿ ರಾವಿ ನದಿಯ ದಡದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿತು; ಅದಾದ ಮೇಲೆ ಜನವರಿಯ ಕೊನೆಯ ಭಾನುವಾರದಂದು ಊರೂರುಗಳಲ್ಲಿ ಜನರು ಸೇರಿ ಪ್ರತಿಜ್ಞೆ ಸ್ವೀಕರಿಸಬೇಕೆಂದು ತೀರ್ಮಾನವಾಯಿತು. 1930ರಲ್ಲಿ ಆ ಭಾನುವಾರ 26ನೇ ತಾರೀಖಿಗೆ ಬಿದ್ದಿತ್ತು. ಅಲ್ಲಿಂದ ಮುಂದೆ ಅದೇ ತಾರೀಖು ಸ್ವಾತಂತ್ರ್ಯ ದಿನವೆಂದು ಆಚರಣೆಗೆ ಬಂದಿತು. 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ದೊರೆತಾಗ, ಜನ ಹದಿನೇಳು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಆ ಹಳೆಯ ದಿನ ಬರಿದಾಗಿ ಉಳಿಯಿತು. ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕಾರವಾಗಿ, ಪೌರತ್ವ, ಚುನಾವಣೆ ಮುಂತಾದವುಗಳ ಕೆಲವು ವಿಧಿಗಳು ಅಂದೇ ಜಾರಿಗೆ ಬಂದಿದ್ದರೂ, ಉಳಿದವುಗಳನ್ನು ಎರಡು ತಿಂಗಳು ತಡೆದು ಜನವರಿ 26ಕ್ಕೆ ಜಾರಿಗೊಳಿಸಿದ್ದು ಈ ನೆನಪಿನ ಗೌರವಕ್ಕಾಗಿಯೇ. ನನ್ನ ಮಟ್ಟಿಗೆ ಆ ಎರಡು ತಿಂಗಳ ಕಾಯುವಿಕೆಯೇ ಮಕ್ಕಳಿಗೆ ಹೇಳಬೇಕಾದ ಅತಿ ಸುಂದರ ಸಂಗತಿ. ನಮ್ಮ ನಾಡಿಗೆ ಸೇರಿದ ಇನ್ನೊಂದು ಮಾತೂ ಇದೆ: ಅಂದಿನಿಂದಲೇ ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ರಾಜಪ್ರಮುಖರಾದರು, ಅಂದರೆ ಈಗಿನ ರಾಜ್ಯಪಾಲರಂಥ ಸ್ಥಾನಕ್ಕೆ ಬಂದರು.

ಉತ್ತರ (ಖಾನಾಪುರ ತಾಲ್ಲೂಕಿನವರು):
ಉಪನ್ಯಾಸಕರು ಹೇಳಿದ್ದು ಸರಿ. ಆದರೆ ತಿದ್ದುವ ಭರದಲ್ಲಿ ರಾಯಣ್ಣನ ಹೆಸರನ್ನೇ ಅಳಿಸಿಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕಾರಣ ತಪ್ಪಿದ್ದರೂ ತಾರೀಖು ತಪ್ಪಲ್ಲ. ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಸೋಲೊಪ್ಪದೆ ಕಾದಿದ ರಾಯಣ್ಣ, ನಮ್ಮವರೇ ಮಾಡಿದ ಮೋಸದಿಂದ 1830ರ ಏಪ್ರಿಲಿನಲ್ಲಿ ಸೆರೆಸಿಕ್ಕನು. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಸಮಾಧಿಯ ಮೇಲಿನ ಆಲದ ಮರವನ್ನು ಅವನ ಬಂಟನೊಬ್ಬ ನೆಟ್ಟನೆಂದು ನಮ್ಮ ಕಡೆ ಹೇಳುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದರ ಬಿಳಲುಗಳಿಗೆ ಕಟ್ಟಿದ ಪುಟ್ಟ ಮರದ ತೊಟ್ಟಿಲುಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ನೇಣಿಗೇರಿದವನ ಬಳಿಗೆ ಬಂದು ಜನ ಬೇಡುವುದು ಹೊಸ ಜೀವವನ್ನು!

ಉತ್ತರ (ಇನ್ನೊಬ್ಬ ಓದುಗರು):
ಮೇಡಂ, ಹಲಗೆಯಲ್ಲಿ ಜಾಗವಿದ್ದರೆ ಎರಡು ಸಾಲು ಸೇರಿಸಿ. ನಾಗಾ ನಾಡಿನ ಹೋರಾಟಗಾರ್ತಿ ರಾಣಿ ಗೈದಿನ್ಲಿಯು ಹುಟ್ಟಿದ್ದು 1915ರ ಜನವರಿ 26ರಂದು. ಬ್ರಿಟಿಷರು ಆಕೆಯನ್ನು ಸೆರೆಹಿಡಿದಾಗ ವಯಸ್ಸು ಹದಿನಾರೋ ಹದಿನೇಳೋ ಆಗಿತ್ತು, ಅಂದರೆ ನಿಮ್ಮ ವಿದ್ಯಾರ್ಥಿನಿಗಿಂತ ಒಂದೆರಡು ವರ್ಷ ದೊಡ್ಡವಳಷ್ಟೆ. 2001ರ ಅದೇ ದಿನ ಬೆಳಿಗ್ಗೆ ಗುಜರಾತಿನ ಕಚ್ಛ್ ನಡುಗಿತು; ಅಂಜಾರಿನಲ್ಲಿ ಧ್ವಜ ಹಿಡಿದು ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳು ಕಿರಿದಾದ ಬೀದಿಯಲ್ಲಿ ಕುಸಿದ ಗೋಡೆಗಳ ಅಡಿಯಲ್ಲಿ ಸಿಲುಕಿ ತೀರಿಕೊಂಡರು. ಹಬ್ಬದ ದಿನ ದುಃಖವನ್ನು ಬರೆಯಬಾರದು ಎನ್ನುವವರಿದ್ದಾರೆ. ಧ್ವಜ ಹಿಡಿದೇ ಹೋದ ಮಕ್ಕಳನ್ನು ಧ್ವಜ ಏರಿಸುವ ದಿನವೇ ನೆನೆಯಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರಗಳು. ಹುಡುಗಿಯನ್ನು ಕೂರಿಸಿಕೊಂಡು ನಿಮ್ಮ ಉತ್ತರಗಳನ್ನು ಓದಿಸಿದೆ. ‘ಆದ್ದರಿಂದ’ ಎಂಬ ಪದವನ್ನು ಆಕೆಯೇ ಹೊಡೆದುಹಾಕಿ, ವಾಕ್ಯವನ್ನು ಎರಡಾಗಿ ಒಡೆದಳು. ಮೊದಲ ಸಾಲಿನಲ್ಲಿ 1831, ನಂದಗಡ, ಅದರ ಕೆಳಗೆ 1930 ಮತ್ತು 1950, ಆಮೇಲೆ ಗೈದಿನ್ಲಿಯು, ಕೊನೆಗೆ ಅಂಜಾರಿನ ಮಕ್ಕಳು. ತೊಟ್ಟಿಲು ಕಟ್ಟಿದ ಆಲದ ಮರವನ್ನು ಹಲಗೆಯ ಮೂಲೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಬಿಡಿಸಲು ಅನುಮತಿ ಕೇಳಿದ್ದಾಳೆ. ಕೊಟ್ಟಿದ್ದೇನೆ.