ಅಜ್ಜನ ಪದ್ಮಿನಿಗೆ ಪವರ್ ಸ್ಟೀರಿಂಗ್ ಹಾಕಿಸಬಹುದೇ?

ನಾಪೋಕ್ಲಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಜ್ಜನ 1978ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಇಂಜಿನ್ ಕೆಲಸ ಮುಗಿದಿದೆ. ಆದರೆ ಸ್ಟೀರಿಂಗ್ ತುಂಬಾ ಬಿಗಿ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಭುಜ ನೋಯುತ್ತದೆ. ನೇರ ರಸ್ತೆಯಲ್ಲಿ ಎಡಕ್ಕೆ ಎಳೆಯುತ್ತದೆ. ಗುಂಡಿಗೆ ಇಳಿದರೆ ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ. ಗ್ಯಾರೇಜಿನವರು ಮೂರು ಕೆಲಸ ಹೇಳಿದ್ದಾರೆ. ಈಗಿನ ಸಣ್ಣ ಕಾರಿನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕೂರಿಸುವುದು, ಮುಂದಿನ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ತಗ್ಗಿಸುವುದು, ಅಗಲ ಟೈರ್ ಹಾಕುವುದು. ಅಮ್ಮನಿಗೂ ಈ ಕಾರು ಓಡಿಸುವ ಆಸೆ ಇದೆ. ಪುತ್ತರಿ ಹಬ್ಬಕ್ಕೆ ಮೊದಲು ಮುಗಿಸಬೇಕು ಅಂತಿದ್ದೇನೆ. ಹಳೇ ಗಾಡಿ ಇಟ್ಟವರು ಏನು ಹೇಳುತ್ತೀರಿ?

ವಿರಾಜಪೇಟೆಯಿಂದ

ನನ್ನಲ್ಲಿ ಪದ್ಮಿನಿ ಇದ್ದು ಇಪ್ಪತ್ತಾರು ವರ್ಷ ಆಯಿತು. ದಯವಿಟ್ಟು ಸ್ಪ್ರಿಂಗ್ ಕತ್ತರಿಸಲು ಮಾತ್ರ ಬಿಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ. ಸುರುಳಿ ಸ್ಪ್ರಿಂಗ್ ಕತ್ತರಿಸಿದರೆ ಕಾರು ತಗ್ಗುವುದಷ್ಟೇ ಅಲ್ಲ, ಉಳಿದ ಸ್ಪ್ರಿಂಗ್ ಮೊದಲಿಗಿಂತ ಗಟ್ಟಿಯಾಗುತ್ತದೆ. ನಮ್ಮ ತೋಟದ ರಸ್ತೆಯಲ್ಲಿ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಕಲ್ಲಿಗೆ ತಾಗುವ ಹಾಗೆ ಮಾಡಿಕೊಂಡು ಏನು ಪ್ರಯೋಜನ?

ಪವರ್ ಸ್ಟೀರಿಂಗ್ ಯೋಚನೆ ಮಾಡುವ ಮೊದಲು ಸ್ಟೀರಿಂಗ್ ಯಾಕೆ ಬಿಗಿ ಅಂತ ಹುಡುಕಿ. ಅರ್ಧ ಗಂಟೆಯ ಕೆಲಸ. ಮುಂದಿನ ಎರಡೂ ಚಕ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಈಗ ಸ್ಟೀರಿಂಗ್ ತಿರುಗಿಸಿ. ಹಗುರವಾಗಿ ತಿರುಗಿದರೆ ತೊಂದರೆ ಟೈರು, ಗಾಳಿ, ಅಲೈನ್‌ಮೆಂಟ್ (ಚಕ್ರಗಳ ನೇರ) ಕಡೆ. ಆಗಲೂ ಬಿಗಿಯಾಗಿದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಕಂಬಿಯನ್ನು ಚಕ್ರಕ್ಕೆ ಸೇರಿಸುವ ಕೀಲು) ಬಿಚ್ಚಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ. ಚಕ್ರವೇ ಬಿಗಿ ಅಂದರೆ ಕಿಂಗ್ ಪಿನ್, ಮುಂದಿನ ಚಕ್ರ ಎಡ ಬಲ ತಿರುಗುವುದು ಈ ಗೂಟದ ಮೇಲೆ. ಚಕ್ರ ಹಗುರ, ಸ್ಟೀರಿಂಗ್ ಬಿಗಿ ಅಂದರೆ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ದಂಡದ ಕೆಳಗಿನ ಗೇರ್ ಪೆಟ್ಟಿಗೆ) ಅಥವಾ ಐಡ್ಲರ್ (ಎದುರು ಬದಿಯಲ್ಲಿ ಸ್ಟೀರಿಂಗ್ ಕಂಬಿ ಹಿಡಿಯುವ ತೋಳು).

ಹನ್ನೊಂದು ವರ್ಷ, ಅದೂ ಕೊಡಗಿನ ತೇವದಲ್ಲಿ ನಿಂತ ಗಾಡಿ. ನನಗೆ ಕಿಂಗ್ ಪಿನ್ ಮೇಲೇ ಅನುಮಾನ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಗ್ರೀಸ್ ನಿಪ್ಪಲ್ ಮೇಲೆ ಯಾರೋ ಪೇಂಟ್ ಹೊಡೆದಿದ್ದರು, ಒಳಗೆ ಗ್ರೀಸ್ ಒಣಗಿ ಮೇಣವಾಗಿತ್ತು. ಗನ್ ಹಿಡಿದರೆ ಗ್ರೀಸ್ ಹೊರಗೇ ಜಾರುತ್ತಿತ್ತು, ನಾವು ಒಳಗೆ ಹೋಯಿತು ಅಂದುಕೊಂಡಿದ್ದೆವು. ಪಿನ್ ಮತ್ತು ಬುಶ್ (ಪಿನ್ ಕೂರುವ ಕೊಳವೆ) ಹೊಸದು ಹಾಕಿಸಿದ ಮೇಲೆ ಅಜಗಜಾಂತರ ವ್ಯತ್ಯಾಸ. ಹೊಸ ಬುಶ್ ತಂದು ಹಾಗೇ ಬಡಿದು ಕೂರಿಸಿದರೆ ಆಗುವುದಿಲ್ಲ, ಪಿನ್ನಿನ ಅಳತೆಗೆ ರೀಮರ್ (ತೂತು ಹದಮಾಡುವ ಉಪಕರಣ) ಹೊಡೆಸಬೇಕು. ಒಳ್ಳೆ ಲೇತ್ ಅಂಗಡಿಗೆ ಕೊಡಿ. ಇನ್ನು ಗ್ರೀಸ್ ಹಾಕುವಾಗ ಚಕ್ರ ನೆಲ ಬಿಟ್ಟಿರಬೇಕು. ಭಾರ ಕೂತಿದ್ದರೆ ಉಜ್ಜುವ ಜಾಗಕ್ಕೆ ಗ್ರೀಸ್ ಇಳಿಯುವುದೇ ಇಲ್ಲ.

ಸ್ಟೀರಿಂಗ್ ಬಾಕ್ಸ್ ವಿಷಯದಲ್ಲಿ ನಾನು ಹೆದರಿದ ದಿನ ಒಂದಿದೆ. ಅಂಬಾಸಿಡರ್‌ನಲ್ಲಿ ಇರುವಂಥ ರ್‍ಯಾಕ್ (ಹಲ್ಲಿನ ಪಟ್ಟಿ) ನಮ್ಮದಲ್ಲ, ಇದು ವರ್ಮ್ ಬಾಕ್ಸ್, ಅಂದರೆ ಸುರುಳಿ ಹಲ್ಲಿನ ಗೇರ್. ಗಾಡಿ ಜಾಸ್ತಿ ಓಡುವುದು ನೇರವಾಗಿ ಅಲ್ವಾ, ಹಾಗಾಗಿ ವರ್ಮ್ ಸವೆಯುವುದೂ ನಡುವಿನಲ್ಲೇ ಹೆಚ್ಚು. ತುದಿಗಳು ಹೊಸದರಂತೆಯೇ ಇರುತ್ತವೆ. ನನ್ನ ಸ್ಟೀರಿಂಗ್‌ನಲ್ಲಿ ಮೂರು ಬೆರಳಷ್ಟು ಪ್ಲೇ (ಸಡಿಲ) ಇತ್ತು. ಗ್ಯಾರೇಜಿನಲ್ಲಿ ಸೆಟ್ಟಿಂಗ್ ಸ್ಕ್ರೂ ಬಿಗಿ ಮಾಡಿ ಪ್ಲೇ ಪೂರ್ತಿ ತೆಗೆದುಕೊಟ್ಟರು. ಊರೊಳಗೆ ಓಡಿಸಿದಾಗ ತುಂಬಾ ಖುಷಿಯಾಯಿತು. ಮರುದಿನ ಮಾಕುಟ್ಟ ಘಾಟಿ ಇಳಿಯುವಾಗ ಒಂದು ಹಿಮ್ಮುರಿ ತಿರುವಿನಲ್ಲಿ ಸ್ಟೀರಿಂಗ್ ಅಲ್ಲೇ ಕಚ್ಚಿಕೊಂಡಿತು. ತಾನಾಗಿ ವಾಪಸ್ ಬರಲಿಲ್ಲ. ಎರಡೂ ಕೈಯಲ್ಲಿ ಎಳೆದು ನೇರ ಮಾಡುವಷ್ಟರಲ್ಲಿ ಕಾರು ಚರಂಡಿಯ ಅಂಚಿನಲ್ಲಿತ್ತು. ಎದುರಿಗೆ ಮರದ ಲಾರಿ ಬಂದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ.

ಸವೆದ ಬಾಕ್ಸಿನಲ್ಲಿ ನಡುವಿನ ಪ್ಲೇ ಪೂರ್ತಿ ತೆಗೆದರೆ ತುದಿಯಲ್ಲಿ ಹೀಗೆ ಕಚ್ಚುತ್ತದೆ. ಸ್ವಲ್ಪ ಪ್ಲೇ ಇರಲಿ, ಅಥವಾ ವರ್ಮ್ ಮತ್ತು ಅದಕ್ಕೆ ಕೂಡುವ ರೋಲರ್ ಬದಲಿಸಿ. ಸ್ಕ್ರೂ ತಿರುಗಿಸಿದ ಮೇಲೆ, ಚಕ್ರ ಎತ್ತಿಟ್ಟೇ, ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಎಲ್ಲೂ ತಡೆಯಬಾರದು. ಬಾಕ್ಸಿಗೆ ಗ್ರೀಸ್ ತುಂಬಬೇಡಿ, ಗೇರ್ ಆಯಿಲ್ ಹಾಕಿ. ಸೀಲ್ ಸೋರುತ್ತದೆ ಅಂತ ಕೆಲವರು ಗ್ರೀಸ್ ತುಂಬಿಬಿಡುತ್ತಾರೆ. ಅದು ಪಕ್ಕಕ್ಕೆ ಸರಿದು ಕೂತುಬಿಡುತ್ತದೆ, ವರ್ಮ್ ಒಣಗುತ್ತದೆ.

ಪ್ಲೇ ಎಲ್ಲವೂ ಬಾಕ್ಸಿನದ್ದೇ ಅಂತಲೂ ಅಲ್ಲ. ಅಮ್ಮನನ್ನು ಸೀಟಿನಲ್ಲಿ ಕೂರಿಸಿ ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಅಲ್ಲಾಡಿಸಲು ಹೇಳಿ. ನೀವು ಅಡಿಯಲ್ಲಿ ಮಲಗಿ ಒಂದೊಂದು ಜಾಯಿಂಟ್ ಮೇಲೂ ಕೈ ಇಡಿ. ಸವೆದದ್ದು ಕೈಗೇ ಗೊತ್ತಾಗುತ್ತದೆ. ನನ್ನದರಲ್ಲಿ ಅರ್ಧ ಪ್ಲೇ ಐಡ್ಲರ್ ಬುಶ್‌ನದ್ದಾಗಿತ್ತು.

ಎಡಕ್ಕೆ ಎಳೆಯುವುದು ಬ್ರೇಕ್‌ನಿಂದಲೂ ಇರಬಹುದು. ನಾಲ್ಕೂ ಡ್ರಮ್ ಬ್ರೇಕ್. ವೀಲ್ ಸಿಲಿಂಡರ್ ತುಕ್ಕು ಹಿಡಿದು ಬ್ರೇಕ್ ಶೂ ವಾಪಸ್ ಹೋಗದಿದ್ದರೆ ಕಾರು ಆ ಕಡೆ ಎಳೆಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ, ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ, ಎರಡೂ ಮುಂದಿನ ಡ್ರಮ್ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಅದೇ ಕಳ್ಳ.

ಸೋಮವಾರಪೇಟೆಯಿಂದ

ನನ್ನದು ಕಾರಲ್ಲ, ಹಳೇ ಮಹೀಂದ್ರ ಸಿಜೆ 3ಬಿ ಜೀಪು. ಆದರೆ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಕಟ್ಟಿದ್ದು) ಪಾಠ ಎರಡಕ್ಕೂ ಒಂದೇ. ತೋಟದಲ್ಲಿ ಗೊಬ್ಬರ ಹೊರುತ್ತದೆ ಅಂತ ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದೆ. ಖಾಲಿ ಇದ್ದಾಗ ಚಕ್ರ ನೆಲವನ್ನೇ ಹಿಡಿಯುತ್ತಿರಲಿಲ್ಲ. ಜೂನ್‌ನಲ್ಲಿ ಕೆಸರಿನ ಏರಿನಲ್ಲಿ ಹಿಂಭಾಗ ಸುಮ್ನೆ ಪಕ್ಕಕ್ಕೆ ಹಾರುತ್ತಿತ್ತು. ಒಂದೇ ಮಳೆಗಾಲದಲ್ಲಿ ಬೇಸತ್ತು ತೆಗೆಸಿದೆ.

ನಿಮ್ಮ ಪದ್ಮಿನಿ ಹಿಂದೆ ಎಗರುತ್ತದೆ ಅಂದರೆ ಎರಡು ಕಾರಣ ಇರಬಹುದು. ಪ್ಲೇಟುಗಳ ನಡುವೆ ತುಕ್ಕು ಹಿಡಿದು ಅವು ಒಂದರ ಮೇಲೊಂದು ಜಾರುತ್ತಿಲ್ಲ. ಅಥವಾ ಶಾಕ್ ಅಬ್ಸಾರ್ಬರ್ ಸತ್ತಿದೆ. ಡಿಕ್ಕಿ ಮೂಲೆಯನ್ನು ಜೋರಾಗಿ ಅದುಮಿ ಬಿಡಿ. ಎರಡು ಮೂರು ಸಲ ಕುಣಿದರೆ ಶಾಕ್ ಬದಲಿಸಿ. ಅದುಮಲೇ ಆಗದಿದ್ದರೆ ಪ್ಲೇಟ್ ಬಿಚ್ಚಿಸಿ, ವೈರ್ ಬ್ರಶ್‌ನಲ್ಲಿ ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಕಟ್ಟಿಸಿ. ಬಿರುಕು ಬಿಟ್ಟ ಪ್ಲೇಟ್ ಇದ್ದರೆ ಆಗಲೇ ಕಾಣುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಹೊಸದೇ ಹಾಕಿ, ಮೊದಲ ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ.

ತುಂಬಾ ಮುಖ್ಯವಾದದ್ದು ರಬ್ಬರ್ ಬುಶ್. ಶ್ಯಾಕಲ್ (ಲೀಫ್ ಸ್ಪ್ರಿಂಗ್ ತುದಿಯ ಕೊಂಡಿ) ಇರಲಿ, ಮುಂದಿನ ಸಸ್ಪೆನ್ಷನ್ ಆರ್ಮ್ ಇರಲಿ, ರಬ್ಬರ್ ತಿರುಚಿ ಕೆಲಸ ಮಾಡುವ ಬುಶ್ ಆದರೆ ಕಾರು ಗಾಳಿಯಲ್ಲಿ ಎತ್ತಿಟ್ಟಾಗ ಅದರ ನಟ್ ಪೂರ್ತಿ ಬಿಗಿ ಮಾಡಬಾರದು. ಕಾರು ಕೆಳಗಿಳಿದು ತನ್ನ ಭಾರದಲ್ಲಿ ಕೂತ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳಿ, ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಮಡಿಕೇರಿಯಿಂದ

ಕಾಗದದ ವಿಷಯ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಬುಶ್, ಪಿನ್, ಶಾಕ್ ಎಲ್ಲ ರಿಪೇರಿ, ಅದಕ್ಕೆ ತಕರಾರಿಲ್ಲ. ದೊಡ್ಡ ಬದಲಾವಣೆ ಮಾಡುವುದಾದರೆ ಮೊದಲು ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇನ್ನೊಂದು. 2021ರಲ್ಲಿ ವಿಂಟೇಜ್ ವಾಹನಗಳ ನಿಯಮ ಬಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ಆದರೆ ಆ ನೋಂದಣಿ ಮಾಡಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಅಮ್ಮ ಸಂತೆಗೆ ಹೋಗಬೇಕಾದರೆ ಅದು ನಿಮಗೆ ಬೇಡ.

ವಿರಾಜಪೇಟೆಯಿಂದ, ಮತ್ತೆ

ಪವರ್ ಸ್ಟೀರಿಂಗ್ ಬಗ್ಗೆ ಹೇಳುವುದು ಉಳಿದಿತ್ತು. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಮೋಟಾರು ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಕಾಲಮ್ಮಿನ ಮೇಲೇ ಇರುತ್ತದೆ. ನಿಮ್ಮ ಪದ್ಮಿನಿಯ ಗೇರ್ ಲಿವರ್ ಇರುವುದೂ ಅದೇ ಕಾಲಮ್ಮಿನಲ್ಲಿ! ಅದನ್ನು ತೆಗೆದರೆ ಗೇರನ್ನು ನೆಲಕ್ಕೆ ಇಳಿಸಬೇಕು. ಅಜ್ಜ ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಾಕುತ್ತಿದ್ದ ರೀತಿಯೇ ಹೋಯಿತು. ಅದೂ ಅಲ್ಲದೆ ಆ ಮೋಟಾರು ನಿಂತಲ್ಲಿ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ಹಳೇ ಡೈನಮೋ ಇದ್ದರೆ ಅದಕ್ಕೆ ಆಗುವುದಿಲ್ಲ, ಆಲ್ಟರ್ನೇಟರ್ ಬೇಕು. ಮಳೆಯಲ್ಲಿ ವೈಪರ್, ಲೈಟ್, ಪವರ್ ಸ್ಟೀರಿಂಗ್ ಮೂರೂ ಓಡಬೇಕಲ್ಲ.

ಬೇಡವೇ ಬೇಡ ಅನ್ನುವುದಿಲ್ಲ. ಅಮ್ಮನಿಗೆ ಭುಜದ ನೋವಿದ್ದರೆ ಅದೇ ದೊಡ್ಡದು, ಮಾಡಿಸಿ. ಆದರೆ ಪಿನ್, ಬಾಕ್ಸ್, ಟೈರ್ ಸರಿಮಾಡಿಸಿ ಒಂದು ತಿಂಗಳು ಓಡಿಸಿದ ಮೇಲೆ ನಿರ್ಧರಿಸಿ. ಒಣಗಿದ ಕಿಂಗ್ ಪಿನ್ ಮೇಲೆ ಮೋಟಾರು ಕೂರಿಸಿದರೆ ರೋಗ ಮುಚ್ಚಿಹೋಗುತ್ತದೆ ಅಷ್ಟೆ. ಬಿಚ್ಚಿದ ಒಂದೂ ಭಾಗ ಗುಜರಿಗೆ ಕೊಡಬೇಡಿ.

ಟೈರ್ ಅಗಲ ಮಾಡಿದರೆ ಸ್ಟೀರಿಂಗ್ ಇನ್ನೂ ಬಿಗಿಯಾಗುತ್ತದೆ. ಸಣ್ಣ ಸ್ಟೀರಿಂಗ್ ವೀಲ್ ಕೂಡ ಹಾಗೇ. ಮೂಲ ಅಳತೆಗೆ ಹತ್ತಿರದ ರೇಡಿಯಲ್ ನಾಲ್ಕೂ ಒಟ್ಟಿಗೆ ಹಾಕಿ, ಎರಡು ಹಳೇದು ಎರಡು ಹೊಸದು ಬೆರೆಸಬೇಡಿ. ಶೆಡ್ಡಿನಲ್ಲಿ ನಿಂತ ಟೈರಿನ ಹೂವು ಚೆನ್ನಾಗಿದ್ದರೂ ರಬ್ಬರ್ ಮುಗಿದಿರುತ್ತದೆ.

ನಾಪೋಕ್ಲಿನಿಂದ

ಭಾನುವಾರ ಕಾಫಿ ಕಣದ ಸಿಮೆಂಟ್ ಮೇಲೆ ಎತ್ತಿ ನೋಡಿದೆವು ಅಣ್ಣ. ಬಲಗಡೆ ಚಕ್ರ ಸಲೀಸು. ಎಡಗಡೆಯದನ್ನು ತಿರುಗಿಸಲು ಇಬ್ಬರು ಬೇಕಾಯಿತು. ನಿಪ್ಪಲ್ ಬಿಚ್ಚಿದರೆ ಒಳಗೆ ಕಪ್ಪು ಪುಡಿ, ಗ್ರೀಸೇ ಇಲ್ಲ. ಡ್ರಮ್ ಎರಡೂ ಒಂದೇ ಬಿಸಿ. ಸ್ಪ್ರಿಂಗ್ ಕತ್ತರಿಸುವುದು ಬೇಡ ಅಂತ ಗ್ಯಾರೇಜಿಗೆ ಫೋನ್ ಮಾಡಿ ಹೇಳಿದ್ದೇನೆ. ಎಡಗಡೆ ಪಿನ್ ಮಾತ್ರ ಬದಲಿಸಿದರೆ ಸಾಕೇ?

ವಿರಾಜಪೇಟೆಯಿಂದ

ಎರಡೂ ಕಡೆ ಬದಲಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಆದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಅಲೈನ್‌ಮೆಂಟ್ ಕೊನೆಯಲ್ಲಿ, ಎಲ್ಲ ಬುಶ್ ಬಿಗಿಯಾದ ಮೇಲೆ ಮಾಡಿಸಿ. ನನ್ನ ಹತ್ತಿರ ಆ ಅಳತೆಯ ರೀಮರ್ ಇದೆ. ವಿರಾಜಪೇಟೆ ಕಡೆ ಬಂದಾಗ ಹೇಳಿ, ತೆಗೆದಿಟ್ಟಿರುತ್ತೇನೆ.