ಸಹಾಯ ಬೇಕು: ಮೈಸೂರಿನ ಮನೆಯ ಸಂಗೀತವನ್ನು ಮಂಡ್ಯದಿಂದ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ನ್ಯಾವಿಡ್ರೋಮ್ (ಅದರಲ್ಲಿರುವ ಸಂಗೀತವನ್ನು ಮೊಬೈಲಿನಂಥ ಬೇರೆ ಸಾಧನಗಳಲ್ಲಿ ಕೇಳಲು ನೆರವಾಗುವ ತಂತ್ರಾಂಶ) ಅಳವಡಿಸಿ, ತಂದೆಯವರು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಸಂಗೀತ ಕಛೇರಿಗಳನ್ನೆಲ್ಲ ಅದಕ್ಕೆ ಸೇರಿಸಿದ್ದೇನೆ. ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಮನೆಯ ವೈಫೈನಲ್ಲಿ ಚೆನ್ನಾಗಿ ಕೇಳಿಸುತ್ತದೆ, ಆದರೆ ಕೆಲಸದ ನಿಮಿತ್ತ ಮಂಡ್ಯದಲ್ಲಿರುವಾಗ ಮೊಬೈಲಿನಿಂದ ಸಂಪರ್ಕವೇ ಸಿಗುವುದಿಲ್ಲ. ರೌಟರಿನಲ್ಲಿ ನ್ಯಾವಿಡ್ರೋಮ್ ಬಳಸುವ 4533ನೆಯ ಪೋರ್ಟನ್ನು ಆ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿ (ಹೊರಗಿನಿಂದ ಬರುವ ಸಂಪರ್ಕ ಅದಕ್ಕೆ ತಲುಪುವಂತೆ ಮಾಡಿ), ಫೈರ್‌ವಾಲ್‌ನಲ್ಲಿಯೂ ಅನುಮತಿ ಕೊಟ್ಟು ನೋಡಿದ್ದಾಯಿತು. ನನಗೆ ಗೊಂದಲವಾಗಿರುವುದು ಇಲ್ಲಿ: ರೌಟರ್ ತೋರಿಸುವ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.72 ಎಂದು ಆರಂಭವಾಗುತ್ತದೆ, ಹೊರಗೆ ಕಾಣುವ ಐಪಿ ವಿಳಾಸವೇ ಬೇರೆ. ಇಂಟರ್ನೆಟ್ ಕಂಪನಿಯು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ಇದಿರಬೇಕು ಎಂದುಕೊಂಡಿದ್ದೇನೆ. ಹಾಗಿದ್ದರೆ ಟೈಲ್‌ಸ್ಕೇಲ್‌ನಂಥ ವಿಪಿಎನ್ (ದೂರದ ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ವ್ಯವಸ್ಥೆ) ಸಾಕೇ, ಅಥವಾ ಹಣ ಕೊಟ್ಟು ನಮ್ಮದೇ ಆದ, ಬದಲಾಗದ ಸ್ಥಿರ ಐಪಿ ಪಡೆಯಲೇಬೇಕೇ? ಬಳಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.